ಒಂದೇ ಹೊತ್ತಿಗೆ ಎಷ್ಟು ನಲ್ಲಿ?

1980ರ ದಶಕದಲ್ಲಿ ಬೆಂಗಳೂರಿನ ಬಸವನಗುಡಿ, ಹನುಮಂತನಗರದ ಕಡೆ ಮನೆ ಕಟ್ಟುವಾಗ ಪೈಪಿನ ಸೈಜಿಗೆ ಪ್ಲಂಬರ್ ಮೇಸ್ತ್ರಿಯ ಮಾತೇ ಕೊನೆ. ಟ್ಯಾಂಕಿನಿಂದ ಇಳಿಯುವುದಕ್ಕೆ ಒಂದಿಂಚು, ಬಚ್ಚಲಿಗೆ ಮುಕ್ಕಾಲು, ನಲ್ಲಿಗೆ ಅರ್ಧ. ಜಿಐ ಪೈಪಿಗೆ ಡೈ ಹಾಕಿ ಥ್ರೆಡ್ ತೆಗೆದು, ಸಣಬು ಸುತ್ತಿ, ಪೇಸ್ಟ್ ಬಳಿದು ಬಿಗಿದರೆ ಆಯಿತು. ಅಂದಿನ ಮನೆಗಳಿಗೆ ಅದು ಸಾಕೂ ಆಗುತ್ತಿತ್ತು. ಇದ್ದದ್ದು ಒಂದು ಬಚ್ಚಲು. ಸ್ನಾನ ಹಂಡೆಯ ನೀರಿನಲ್ಲಿ, ಚೊಂಬಿನಲ್ಲಿ, ಸರದಿಯ ಮೇಲೆ.

ಅಟ್ಯಾಚ್ಡ್ ಬಾತ್‌ರೂಮು, ಶವರು, ವಾಷಿಂಗ್ ಮಷೀನು ಬಂದಮೇಲೆ ಸರದಿ ಹೋಯಿತು. ಬೆಳಗ್ಗೆ ಏಳಕ್ಕೆ ಕೆಳಗೆ ಯಾರಾದರೂ ನಲ್ಲಿ ತಿರುಗಿಸಿದರೆ ಮೇಲಿನ ಶವರ್ ಸೊರಗುತ್ತಿತ್ತು. ಮನೆಯವರು ಇನ್ನೂ ದೊಡ್ಡ ಟ್ಯಾಂಕ್ ಕೂರಿಸುತ್ತಿದ್ದರು. ಶವರ್ ಹಾಗೇ ಇರುತ್ತಿತ್ತು. ತಲೆಗೆ ದಿನಕ್ಕೆ 135 ಲೀಟರ್, ಐವರಿಗೆ 675 ಎಂಬುದು ಟ್ಯಾಂಕಿನ ಲೆಕ್ಕ. ಪೈಪಿಗೆ ಬೇಕಾದದ್ದು ನಿಮಿಷದ ಲೆಕ್ಕ. ಟ್ಯಾಂಕು ಹತ್ತಡಿ ಮೇಲಿದ್ದರೆ ಸಿಗುವ ಒತ್ತಡವೇ ಅಲ್ಪ. ಸಣ್ಣ ಪೈಪಿನ ತಿಕ್ಕಾಟ, ಒಳಗೆ ಕಟ್ಟಿದ ತುಕ್ಕು ಅದನ್ನೂ ತಿಂದುಬಿಡುತ್ತವೆ. ಅರ್ಧ ಇಂಚಿಗಿಂತ ಮುಕ್ಕಾಲಿಂಚಿನ ಬಾಯಿಯ ವಿಸ್ತೀರ್ಣ ಎರಡು ಪಟ್ಟಿಗೂ ಹೆಚ್ಚು ಎಂಬುದನ್ನು ಎಷ್ಟೋ ಮಾಲೀಕರು ನಂಬುತ್ತಲೇ ಇರಲಿಲ್ಲ.

ಅಪಾರ್ಟ್‌ಮೆಂಟುಗಳ ಕಾಲದಲ್ಲಿ ಎಂಜಿನಿಯರುಗಳ ನಕ್ಷೆಯ ಜೊತೆ ಫಿಕ್ಸ್ಚರ್ ಯೂನಿಟ್ಟಿನ, ಅಂದರೆ ಒಂದೊಂದು ನಲ್ಲಿ, ಕಮೋಡಿಗೆ ಎಷ್ಟು ನೀರಿನ ಭಾರ ಎಂದು ಅಂಕಿ ಕೊಡುವ, ಪಟ್ಟಿ ಪೈಪಿನ ಕೆಲಸದ ನಮ್ಮ ಕೈಗೆ ಬಂತು. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ರಾಯ್ ಹಂಟರ್ 1940ರಲ್ಲಿ ಪ್ರಕಟಿಸಿದ ವಿಧಾನ ಅದು. ಎಲ್ಲ ನಲ್ಲಿಗಳೂ ಒಟ್ಟಿಗೆ ತೆರೆದಿರುವುದಿಲ್ಲ; ಒಂದೇ ಹೊತ್ತಿಗೆ ಎಷ್ಟು ತೆರೆದಿರಬಹುದು ಎಂಬುದನ್ನು ಆತ ಸಂಭವನೀಯತೆಯ ಗಣಿತದಿಂದ ಕಟ್ಟಿದ. ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಲೆಕ್ಕ ಮೀರಬಹುದು. ನನಗೆ ಇವತ್ತಿಗೂ ಅದು ಬಲು ಚೆಂದದ ಯೋಚನೆ.

ಆದರೆ ಆ ಅಂಕಿಗಳು ಹಳೆಯ, ನೀರು ಸುರಿಯುವ ಕಮೋಡುಗಳ ಕಾಲದವು. ಈಗಿನ ಫ್ಲಶ್ಶಿಗೆ ಆರು ಲೀಟರ್ ಸಾಕು. 2024ರ ಬರದಲ್ಲಿ ಬೆಂಗಳೂರಿನ ನಲ್ಲಿಗಳಿಗೆ ಹರಿವು ತಗ್ಗಿಸುವ ಏರೇಟರುಗಳು ಬಂದವು. ಹಳೆಯ ಪಟ್ಟಿ ಹಿಡಿದು ಹೋದರೆ ಮನೆಯ ಪೈಪು ಬೇಕಾದ್ದಕ್ಕಿಂತ ದಪ್ಪವಾಗುತ್ತದೆ. 2018ರಲ್ಲಿ ಅಮೆರಿಕದ ಯೂನಿಫಾರ್ಮ್ ಪ್ಲಂಬಿಂಗ್ ಕೋಡು ಮನೆಗಳಿಗೆಂದೇ ಬೇರೆ ಲೆಕ್ಕ ಸೇರಿಸಿಕೊಂಡದ್ದು ಇದಕ್ಕೇ.

ದಪ್ಪವಾದರೇನು ನಷ್ಟ ಎನ್ನುವವರಿಗೆ ನಾನು ಸೋಲಾರ್ ಲೈನು ತೋರಿಸುತ್ತೇನೆ. ತಾರಸಿಯಿಂದ ಕೆಳಗಿನ ಬಚ್ಚಲಿಗೆ 60 ಅಡಿ ಒಂದಿಂಚಿನ ಪೈಪು ಎಳೆದರೆ ಅದರೊಳಗೆ ಸುಮಾರು 9 ಲೀಟರ್ ತಣ್ಣೀರು ನಿಂತಿರುತ್ತದೆ. ಬಿಸಿನೀರು ಬರುವ ಮುಂಚೆ ಅಷ್ಟೂ ಮೋರಿ ಪಾಲು. ಅರ್ಧ ಇಂಚಿನದಾದರೆ ಹೋಗುವುದು 2.3 ಲೀಟರಿನ ಆಸುಪಾಸು. ಅದಕ್ಕೇ ಒಂದೇ ಬಚ್ಚಲಿನ ಬಿಸಿನೀರಿಗೆ ನಾನು ಅರ್ಧ ಇಂಚನ್ನೇ ಹಾಕಿಸುತ್ತೇನೆ, ಕಂಟ್ರಾಕ್ಟರು ಎಷ್ಟೇ ಗೊಣಗಲಿ.