ಹಡಗು ಕಾಯೋದಿಲ್ಲ ಸ್ವಾಮಿ! ರೋಮ್‌ನಲ್ಲಿ ಮೂರು ಗಂಟೆ

1978ರ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ಚಿತ್ರವನ್ನು ಚಿಕ್ಕಂದಿನಲ್ಲಿ ಟಿ.ವಿ.ಯಲ್ಲಿ ನೋಡಿದಾಗಲೇ ಫಾರಿನ್ ಹುಚ್ಚು ನನ್ನ ತಲೆಗೇರಿತ್ತು. ಆದರೆ ಪಿ.ಯು.ಸಿ.ಗೆ ಅರ್ಧದಲ್ಲೇ ನಮಸ್ಕಾರ ಹೊಡೆದು, ಪತ್ರಿಕೆಗಳಿಗೆ ಬರೆದುಕೊಂಡು ಓಡಾಡುವವನಿಗೆ ಆ ಭಾಗ್ಯ ಎಲ್ಲಿಂದ?

ಬಂತು ನೋಡಿ, ಪುತ್ತೂರಿನ ಗೆಳೆಯನಿಂದ! ಅವನಿಗೆ ಪ್ರವಾಸಿ ಹಡಗೊಂದರ ಅಡುಗೆಮನೆಯಲ್ಲಿ ಕೆಲಸ. ನೌಕರರ ಕಡೆಯವರಿಗೆ ಕೊಡುವ ರಿಯಾಯಿತಿ ಸ್ವಲ್ಪ, ಸಾಲ ಇನ್ನೂ ಸ್ವಲ್ಪ... ಅಂತೂ ಮೆಡಿಟರೇನಿಯನ್ ಸಮುದ್ರದಲ್ಲಿ ತೇಲಿಬಿಟ್ಟೆ.

ಮಿತ್ರರೇ, ಒಂದು ಮಾತು ಮೊದಲೇ ತಿಳಿದಿರಲಿ. ದೊಡ್ಡ ಹಡಗು ರೋಮ್ ಊರಿನೊಳಕ್ಕೆ ಹೋಗೋದಿಲ್ಲ. ಅದು ನಿಲ್ಲುವುದು ಚಿವಿತಾವೆಕ್ಕಿಯಾ ಎಂಬ ಬಂದರಿನಲ್ಲಿ. ರೋಮ್ ಅಲ್ಲಿಂದ ಸುಮಾರು 80 ಕಿ.ಮೀ. ದೂರ. ಇಳಿದು ನೋಡಿದರೆ ಕಾಣುವುದು ಬರೀ ಕ್ರೇನು, ಲಾರಿ, ಬಸ್ಸು!

ಗೆಳೆಯ ಈ ಬಂದರಿಗೆ ನಾಲ್ಕು ವರ್ಷದಲ್ಲಿ ನಲವತ್ತು ಸಲ ಬಂದಿದ್ದಾನೆ. ರೋಮ್ ಮಾತ್ರ ಒಮ್ಮೆಯೂ ನೋಡಿಲ್ಲ. ಸಿಗುವ ಎರಡು-ಮೂರು ಗಂಟೆ ಬಿಡುವಿನಲ್ಲಿ ಮನೆಗೆ ಫೋನು ಮಾಡಿ, ಸೋಪು ಕೊಂಡು ವಾಪಸು. ಈ ಸಲ ನನಗಾಗಿ ಇನ್ನೊಬ್ಬನ ಕಾಲು ಹಿಡಿದು ಪಾಳಿ ಬದಲಿಸಿಕೊಂಡಿದ್ದ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ರಜೆ. ಹಡಗು ಹೊರಡುವುದು ಸಂಜೆ ಏಳಕ್ಕೆ. ಅದು ನನಗೆ. ಅವನಿಗೆ ಮೂರು ಅಂದ್ರೆ ಮೂರು.

"ನನಗೆ ಕೊಲೋಸಿಯಮ್ ಒಂದು ನೋಡಿದ್ರೆ ಸಾಕು ಮಾರಾಯ. ಅಮ್ಮನಿಗೆ ಫೋಟೋ ಕಳಿಸ್ಬೇಕು" ಅಂದ.

ಬಂದರಿನ ಬಸ್ಸಿನಲ್ಲಿ ಹೊರಗೆ ಬಂದು, ಸ್ಟೇಷನ್ನಿಗೆ ನಡೆದು, ಪ್ಯಾಸೆಂಜರ್ ರೈಲು ಹತ್ತಿದೆವು. ಕಾಗದದ ಟಿಕೆಟ್ಟಾದರೆ ಪ್ಲಾಟ್‌ಫಾರ್ಮಿನ ಮೆಷಿನ್ನಿನಲ್ಲಿ ಮುದ್ರೆ ಒತ್ತಿಸಲೇಬೇಕು. ಮರೆತರೆ ದಂಡ! ಸುಮಾರು ಒಂದೂಕಾಲು ಗಂಟೆಗೆ ತೆರ್ಮಿನಿ ಸ್ಟೇಷನ್. ಅಲ್ಲಿಂದ ಮೆಟ್ರೋದಲ್ಲಿ ಮೂರನೇ ನಿಲ್ದಾಣ ಸ್ಪಾನ್ಯಾ. ಮೇಲೆ ಬಂದರೆ ಎದುರಿಗೇ ಸ್ಪ್ಯಾನಿಷ್ ಮೆಟ್ಟಿಲು!

1953ರ 'ರೋಮನ್ ಹಾಲಿಡೇ'ಯಲ್ಲಿ ಆಡ್ರಿ ಹೆಪ್‌ಬರ್ನ್ ಐಸ್‌ಕ್ರೀಮ್ ತಿಂದದ್ದು ಇಲ್ಲೇ. ನಾವೂ ಕೂರೋಣ ಅಂತ ಹೋದರೆ ಪೀಪಿ ಊದಿ ಎಬ್ಬಿಸಿದರು. 2019ರಿಂದ ಇಲ್ಲಿ ಕೂರುವಂತಿಲ್ಲ. ರಾಜಕುಮಾರಿಗೊಂದು ಕಾನೂನು, ನಮಗೊಂದು!

ಹತ್ತು ನಿಮಿಷ ನಡೆದರೆ ತ್ರೆವಿ ಕಾರಂಜಿ. ಫೆಲಿನಿಯ 'ಲಾ ದೋಲ್ಚೆ ವೀತಾ' (1960) ಚಿತ್ರದಲ್ಲಿ ಅನಿತಾ ಎಕ್‌ಬರ್ಗ್ ನಡುರಾತ್ರಿ ಇಳಿದದ್ದು ಈ ನೀರಿಗೇ. ನೀವು ಇಳಿದರೆ ದಂಡ. ಬೆನ್ನು ತಿರುಗಿಸಿ ಎಡಭುಜದ ಮೇಲಿಂದ ನಾಣ್ಯ ಎಸೆದರೆ ಮತ್ತೆ ರೋಮ್‌ಗೆ ಬರ್ತೀರಂತೆ. ಆ ದುಡ್ಡು ಬಡವರ ಸಹಾಯಕ್ಕೆ ಹೋಗುತ್ತದೆ. ಗೆಳೆಯ ನಾಣ್ಯ ಎಸೆದು, "ನಲವತ್ತು ಸಲ ಬಂದದ್ದು ಲೆಕ್ಕಕ್ಕಿಲ್ವಾ?" ಅಂತ ನಕ್ಕ.

ಗಂಟೆ ಹನ್ನೊಂದೂವರೆ. ಕೊಲೋಸಿಯಮ್ಮಿಗೆ ಹೋಗಿ ಬರಲು ಸಮಯವಿತ್ತು. ಆದರೆ ನನ್ನ ತಲೆಯಲ್ಲಿದ್ದದ್ದೇ ಬೇರೆ... ವಿತ್ತೋರಿಯೊ ದೆ ಸಿಕಾನ 'ಬೈಸಿಕಲ್ ಥೀವ್ಸ್' (1948)! ಅದರ ನಾಯಕ ಅಂತೋನಿಯೊಗೆ ಸಿಗುವ ಕೆಲಸವೇನು ಗೊತ್ತೇ? ನಮ್ಮ ಗಾಂಧಿನಗರದ ಹುಡುಗರ ಹಾಗೆ ಸಿನಿಮಾ ಪೋಸ್ಟರ್ ಅಂಟಿಸುವುದು. ಸೈಕಲ್ ಇದ್ದರೆ ಮಾತ್ರ ಕೆಲಸ. ರೀಟಾ ಹೇವರ್ತಳ ಪೋಸ್ಟರ್ ಅಂಟಿಸುವಾಗಲೇ ಕಳ್ಳ ಸೈಕಲ್ ಹಾರಿಸುತ್ತಾನೆ. ಅಂತೋನಿಯೊ ಬೆನ್ನಟ್ಟುವ ಸುರಂಗ ರಸ್ತೆ ಈ ಕಾರಂಜಿಗೆ ಹತ್ತಿರದಲ್ಲೇ ಇದೆ.

"ಐದೇ ನಿಮಿಷ ಬಾರೋ" ಅಂದೆ. ಸುರಂಗ ಹುಡುಕಿ, ಆ ಕಡೆಯಿಂದ ಈ ಕಡೆಗೆ ನಡೆದು, ಫೋಟೋ ತೆಗೆದು... ಐದು ನಿಮಿಷ ಐವತ್ತಾಯಿತು. ಕೊಲೋಸಿಯಮ್ ಕೈಬಿಟ್ಟಿತು. ಗೆಳೆಯ ಏನೂ ಅನ್ನಲಿಲ್ಲ. ಬೀದಿ ನಲ್ಲಿಯಲ್ಲಿ ಬಾಟಲಿಗೆ ನೀರು ಹಿಡಿದುಕೊಂಡ. (ಆ ನಲ್ಲಿಗಳ ನೀರು ಕುಡಿಯಲು ಒಳ್ಳೆಯದು, ಪುಕ್ಕಟೆ. ಕೊಳ್ಳಬೇಡಿ.)

ತೆರ್ಮಿನಿಗೆ ಓಡಿದೆವು. ಬೋರ್ಡಿನಲ್ಲಿ ನಮ್ಮ ರೈಲಿತ್ತು, ಐದು ನಿಮಿಷವೂ ಇತ್ತು. ಆದರೆ ಚಿವಿತಾವೆಕ್ಕಿಯಾ ರೈಲು ಹೊರಡುವುದು 25ರ ಆಚೆಯ ಪ್ಲಾಟ್‌ಫಾರ್ಮುಗಳಿಂದ. ಅವು ಸ್ಟೇಷನ್ನಿನ ಒಂದು ಮೂಲೆಯಲ್ಲಿ, ಅಷ್ಟು ದೂರ! ಏದುಸಿರು ಬಿಡುತ್ತಾ ತಲುಪಿದಾಗ ಕಂಡದ್ದು ರೈಲಿನ ಬೆನ್ನು.

ಮುಂದಿನ ರೈಲು ಅರ್ಧ ಗಂಟೆಗೆ. ಗೆಳೆಯನ ಮುಖ ಬಿಳಿಚಿತ್ತು. "ತಡವಾದ್ರೆ ಒಂದು ವಾರ್ನಿಂಗು. ನನಗೆ ಈಗಾಗಲೇ ಒಂದು ಉಂಟು. ಮನೆ ಸಾಲ ಇನ್ನೂ ಆರು ವರ್ಷ ಬಾಕಿ."

ನನ್ನ ಗಂಟಲು ಒಣಗಿತು. ಸೈಕಲ್ ಕಳ್ಳನ ಜಾಗ ನೋಡಲು ಹೋಗಿ ನಾನೇ ಗೆಳೆಯನ ಅನ್ನ ಕದಿಯುವ ಹಾಗಾಯಿತಲ್ಲ!

ರೈಲಿನಲ್ಲಿ ಅವನೇ ಕೇಳಿದ, "ಎಂತದು ಆ ಸಿನಿಮಾ ಕಥೆ?" ಹೇಳಿದೆ.

"ಸೈಕಲ್ ಸಿಕ್ಕಿತಾ?"

"ಇಲ್ಲ."

"ಕೆಲಸ ಎಂತ ಆಯ್ತು?"

"ಗೊತ್ತಿಲ್ಲ. ಮಗನ ಕೈ ಹಿಡಿದು ಜನರ ನಡುವೆ ಹೋಗ್ತಾನೆ. ಅಲ್ಲಿಗೇ ಮುಗಿಯುತ್ತೆ."

ಅವನು ವಾಚು ನೋಡಿಕೊಂಡ. ಆಮೇಲೆ ಇಬ್ಬರೂ ಮಾತಾಡಲಿಲ್ಲ.

ಸ್ಟೇಷನ್ನಿನಿಂದ ಬಸ್ಸಿನವರೆಗೂ ಓಟ. ಹಡಗಿನ ಬಾಗಿಲಲ್ಲಿ ಅವನ ಕಾರ್ಡು 'ಟಿಂಗ್' ಅಂದಾಗ ಗಂಟೆ ಎರಡು ಐವತ್ತೆರಡು. ತಿರುಗಿ ನೋಡಿ ಕೈ ಎತ್ತಿದ, ಒಳಗೆ ಹೋದ.

ಆದ್ದರಿಂದ ಸ್ವಾಮಿ, ನೀವು ಯಾವತ್ತಾದರೂ ಹೀಗೆ ಹೋದರೆ ಎರಡೇ ಜಾಗ ಆರಿಸಿ, ಮೂರನೆಯದಕ್ಕೆ ಆಸೆಪಡಬೇಡಿ. ಹತ್ತಬೇಕಾದ ರೈಲಿಗಿಂತ ಒಂದು ರೈಲು ಮುಂಚೆಯೇ ಹತ್ತಿ. ಜೊತೆಗಿರುವವನ ಆಸೆ ಮೊದಲು ತೀರಿಸಿ, ನಿಮ್ಮದು ಆಮೇಲೆ.

ಕೊಲೋಸಿಯಮ್ ಇನ್ನೂ ಬಾಕಿ ಇದೆ. ಗೆಳೆಯನಿಗೆ ನಾನು ಕೊಡಬೇಕಾದ ಸಾಲ ಅದು.