ಅಘನಾಶಿನಿಯ ಅಳಿವೆಯಲ್ಲಿ ಒಂದು ಪುಟ್ಟ ದೋಣಿ

ಒಂದು ಕುಕ್ಕರ್ ಕೊಳ್ಳುವಾಗ ನಾವು ಎಷ್ಟೆಲ್ಲ ವಿಚಾರಿಸುತ್ತೇವೆ, ಅಲ್ಲವೇ? ತಳ ದಪ್ಪವಿದೆಯೇ, ರಬ್ಬರು ಬಿಗಿಯಾಗಿ ಕೂರುತ್ತದೆಯೇ, ಹಿಡಿ ಅಲುಗಾಡುತ್ತದೆಯೇ ಎಂದು ಮೂರು ಅಂಗಡಿ ಸುತ್ತಿದ ಮೇಲೆಯೇ ಪರ್ಸಿಗೆ ಕೈ ಹಾಕುವುದು. ಆದರೆ ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಮಗಳು ದೀಪಾವಳಿಗೆ ಬಂದವಳು, "ಅಮ್ಮಾ, ನಾನೊಂದು ಕಡಲ ಕಯಾಕ್ ತಗೋತೀನಿ" ಎಂದಾಗ ಕೇಳಲು ನನಗೆ ಒಂದೇ ಒಂದು ಪ್ರಶ್ನೆಯೂ ತೋಚಲಿಲ್ಲ. "ಬೇಡ" ಅಂದೆ. ಅಷ್ಟೆ. ಕಾರಣ ಹೇಳದೆ ಬೇಡ ಎಂದರೆ ಬೆಳೆದ ಮಕ್ಕಳು ಕೇಳುತ್ತಾರೆಯೇ? ಅವಳೂ ಕೇಳಲಿಲ್ಲ. ಅದರ ಕತೆಯನ್ನೂ, ಆಮೇಲೆ ನಾನು ಕಲಿತದ್ದನ್ನೂ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ನಮ್ಮ ಊರ ಕಡೆಗೆ ಬನ್ನಿ. ನಮ್ಮದು ಕುಮಟಾ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಮಿರ್ಜಾನಿನ ಬಳಿ ಅಗಲವಾಗುವ ಅಘನಾಶಿನಿ ಕಡಲು ಸೇರುವುದು ನಮ್ಮ ತಾಲೂಕಿನಲ್ಲಿಯೇ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಮಿರ್ಜಾನ್ ಕೋಟೆಯೊಂದಿಗೆ ಇಂದಿಗೂ ಸೇರಿಕೊಂಡಿದೆ. ಈ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ. ಹಾಗಾಗಿ ಉಬ್ಬರ ಬಂದರೆ ಉಪ್ಪುನೀರು ಹೊಳೆಯೊಳಗೆ ಬಹುದೂರ ಏರುತ್ತದೆ. ಅಕ್ಕಪಕ್ಕದ ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ದಡದುದ್ದಕ್ಕೂ ಕಾಂಡ್ಲಾ ಗಿಡಗಳು. ಇಳಿತದ ಹೊತ್ತಿಗೆ ಬಂದು ನೋಡಿ, ಸೊಂಟಮಟ್ಟ ನೀರಿನಲ್ಲಿ ಬುಟ್ಟಿ ತೇಲಿಸಿಕೊಂಡು ಬಳಚು ಹೆಕ್ಕುವ ಹೆಂಗಸರು ಕಾಣುತ್ತಾರೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರುವ ಮೊದಲೂ ಅದು ನೂರಾರು ಮನೆಗಳ ಒಲೆ ಉರಿಸುತ್ತಿತ್ತು, ಈಗಲೂ ಉರಿಸುತ್ತಿದೆ.

ಆ ಮಧ್ಯಾಹ್ನ

ನನ್ನ ಮಗಳು ಗೆಳತಿಯೊಬ್ಬಳ ಹಳೆಯ ಕಯಾಕನ್ನು ಎರವಲು ತಂದು, ನನಗೆ ಹೇಳದೆ, ಅಘನಾಶಿನಿ ಊರಿನ ಬದಿಯಿಂದ ನೀರಿಗಿಳಿದಳು. ಹೊತ್ತು ಹನ್ನೆರಡು ದಾಟಿತ್ತು. ಇಳಿತದ ನೀರು ಕಡಲಿಗೆ ಓಡುತ್ತಿತ್ತು. ಎದುರಿನಿಂದ ಮಧ್ಯಾಹ್ನದ ಕಡಲಗಾಳಿ. ಹೊಳೆ ಹೊರಗೆ ತಳ್ಳುತ್ತದೆ, ಗಾಳಿ ಒಳಗೆ ತಳ್ಳುತ್ತದೆ. ಇವೆರಡರ ನಡುವೆ ಅಳಿವೆಯ ಬಾಯಲ್ಲಿ ತೆರೆ ಕಡಿದಾಗಿ ಏಳುತ್ತದೆ. ನಮ್ಮ ಕಡೆಯ ಮೀನುಗಾರರ ಮಕ್ಕಳಿಗೂ ಗೊತ್ತಿರುವ ಮಾತು ಇದು. ನನ್ನ ಮಗಳಿಗೆ ಗೊತ್ತಿರಲಿಲ್ಲ. ಕಡಲ ಊರಲ್ಲಿ ಹುಟ್ಟಿದ ಮಗುವಿಗೆ ನಾನು ಅದನ್ನು ಹೇಳಿಯೂ ಇರಲಿಲ್ಲ. ನೀರಿನ ಹತ್ತಿರ ಹೋಗಬೇಡ ಎಂದಷ್ಟೇ ಹೇಳಿ ಬೆಳೆಸಿದ್ದೆ.

ತೆರೆ ಅಡ್ಡ ಬಡಿದು ದೋಣಿ ಮಗುಚಿತು. ಅದರ ಹಿಂಭಾಗದಲ್ಲಿ ನೀರು ತಡೆಯುವ ಗೋಡೆ ಬಿರುಕು ಬಿಟ್ಟಿತ್ತಂತೆ. ಹಿಂದೆಲ್ಲ ನೀರು ತುಂಬಿ, ಮೂತಿಯಷ್ಟೇ ಮೇಲೆದ್ದು, ದೋಣಿ ಕಂಬದ ಹಾಗೆ ನಿಂತುಬಿಟ್ಟಿತು. ಹತ್ತುವುದೆಲ್ಲಿ? ಜೀವರಕ್ಷಕ ಜಾಕೆಟ್ ಇತ್ತು. ಎಲ್ಲಿ? ಸೆಕೆಯೆಂದು ಬಿಚ್ಚಿ ಬೆನ್ನ ಹಿಂದೆ ಸಿಕ್ಕಿಸಿದ್ದಳು! ಬಳಚು ಹೆಕ್ಕುತ್ತಿದ್ದ ಹೆಂಗಸೊಬ್ಬಳು ನೋಡಿ ಕೂಗು ಹಾಕಿ, ಪಾತಿದೋಣಿಯವರನ್ನು ಕರೆಸಿ ಎತ್ತಿಸಿದಳು. 20 ನಿಮಿಷ ನೀರಿನಲ್ಲಿದ್ದಳಂತೆ. ಆ ಪುಣ್ಯಾತ್ಗಿತ್ತಿ ಬೈದದ್ದು ಒಂದೇ ಮಾತು: "ದೋಣಿ ಒಂದಿದ್ರೆ ಆಯ್ತಾ ತಂಗಿ? ನೀರು ಇಳಿಯೋ ಹೊತ್ತು ಗೊತ್ತಿರಬೇಡ್ವಾ?"

ಮನೆಗೆ ಬಂದ ಮಗಳಿಗೆ ನಾನು ಬೈಯಲಿಲ್ಲ. ಬಿಸಿ ಗಂಜಿ ಬಡಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ಬೆಳಿಗ್ಗೆ ಅವಳೇ ಬಂದು, "ಅಮ್ಮಾ, ಇನ್ನು ಹೋಗೋದೇ ಇಲ್ಲ ಅಂತ ಹೇಳಿದ್ರೆ ಅದು ಸುಳ್ಳಾಗುತ್ತೆ" ಅಂದಳು. ಆಗ ನಾನು ಯೋಚಿಸಿ ಹೇಳಿದೆ: "ಹಾಗಾದ್ರೆ ಮುಂದಿನ ವರ್ಷ ತಗೋ. ಆದ್ರೆ ನಾನೂ ನೋಡಲಿಕ್ಕೆ ಬರ್ತೀನಿ. ನನಗೆ ತಿಳಿಯೋ ಹಾಗೆ ಹೇಳದೆ ಒಂದು ಪೈಸೆ ಕೊಡೋ ಹಾಗಿಲ್ಲ."

ಹೊಲಿಗೆಯವರ ದೋಣಿ

ಆ ವರ್ಷವಿಡೀ ಅವಳು ಪುಸ್ತಕ ತಂದು ತೋರಿಸಿದಳು. ಕಯಾಕ್ ಮೂಲದಲ್ಲಿ ಗ್ರೀನ್‌ಲ್ಯಾಂಡ್ ಮೊದಲಾದ ಹಿಮದ ನಾಡಿನ ಇನ್ಯೂಟ್ ಜನರ ಬೇಟೆದೋಣಿ. ಅಲ್ಲಿ ಮರಗಳಿಲ್ಲ. ಕಡಲು ತಂದು ಹಾಕಿದ ಮರದ ತುಂಡುಗಳಿಂದ ಗಂಡಸರು ಹಂದರ ಕಟ್ಟಿದರೆ, ಸೀಲ್ ಎಂಬ ಕಡಲಪ್ರಾಣಿಯ ತೊಗಲನ್ನು ಹದಮಾಡಿ ಅದರ ಮೇಲೆ ಹೊಲಿಯುತ್ತಿದ್ದವರು ಹೆಂಗಸರು. ಸೂಜಿ ತೊಗಲಿನ ಆಚೆಗೆ ತೂರಿ ಹೋಗದಂತೆ, ಅರ್ಧ ದಪ್ಪಕ್ಕಷ್ಟೇ ಚುಚ್ಚಿ ಎಳೆಯುವ ಹೊಲಿಗೆ ಅದು. ದಾರವೂ ಪ್ರಾಣಿಯ ನರದ್ದೇ; ನೀರು ತಾಗಿದರೆ ಉಬ್ಬಿ ತೂತು ಮುಚ್ಚಿಕೊಳ್ಳುತ್ತದೆ. ಒಂದು ಹೊಲಿಗೆ ತಪ್ಪಿದರೆ ಹಿಮದ ನೀರಿನಲ್ಲಿ ಗಂಡನ ಜೀವ ಹೋಯಿತು. ಹೆಂಗಸರೇ ಹುಟ್ಟುಹಾಕುತ್ತಿದ್ದ ದೊಡ್ಡ ದೋಣಿ ಬೇರೆ ಇತ್ತು, ಅದಕ್ಕೆ ಊಮಿಯಾಕ್ ಎಂದು ಹೆಸರು.

ಅವರ ಅಳತೆಯನ್ನು ಕೇಳಿ: ಉದ್ದಕ್ಕೆ ಸವಾರನ ಮೂರು ಮಾರು, ಅಗಲಕ್ಕೆ ಅವನ ಸೊಂಟ ಮತ್ತು ಎರಡು ಮುಷ್ಟಿ. ಟೇಪು ಹಿಡಿದು ರವಿಕೆಗೆ ಅಳತೆ ತೆಗೆದ ಹಾಗೆ! ಇದನ್ನು ಓದಿದ ಮೇಲೆ ನನಗೆ ಧೈರ್ಯ ಬಂತು. ಹೊಲಿಗೆ, ಅಳತೆ, ಸೋರಿಕೆ ಇವು ನನಗೆ ತಿಳಿಯದ ವಿಷಯವೇ?

ಕೊಳ್ಳುವಾಗ ನೋಡಬೇಕಾದ್ದು

ಮೊದಲ ಮಾತು, ಎಲ್ಲಿಗೆ ಬೇಕು? ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಸುತ್ತುವುದಕ್ಕಾದರೆ ಮೇಲೆ ಕೂರುವ ಬಗೆಯದು ಸಾಕು. ಅದರಲ್ಲಿ ಗುಂಡಿಯಿಲ್ಲ, ಬಿದ್ದರೂ ಹತ್ತಿ ಕೂರಬಹುದು, ಮೇಲೆ ಬಿದ್ದ ನೀರು ತೂತುಗಳಿಂದ ತಾನೇ ಇಳಿದುಹೋಗುತ್ತದೆ. ಹೊಸಬರಿಗೆ ಇದೇ ಒಳ್ಳೆಯದು. ದಡ ಹಿಡಿದು ಕಡಲಲ್ಲಿ ದೂರ ಹೋಗುವವರಿಗೆ ಒಳಗೆ ಕಾಲು ಚಾಚಿ ಕೂರುವ, 14ರಿಂದ 18 ಅಡಿ ಉದ್ದದ, 21ರಿಂದ 24 ಅಂಗುಲ ಅಗಲದ ದೋಣಿ ಬೇಕು. ಉದ್ದವಾದಷ್ಟೂ ನೇರ ಹೋಗುತ್ತದೆ, ಅಗಲವಾದಷ್ಟೂ ಅಲುಗಾಟ ಕಡಿಮೆ ಆದರೆ ವೇಗವೂ ಕಡಿಮೆ.

ಎರಡನೆಯದು, ಒಳಗೋಡೆಗಳು. ಕೂರುವ ಜಾಗದ ಮುಂದೊಂದು, ಹಿಂದೊಂದು ಗೋಡೆ ಇದ್ದು, ಎರಡು ತುದಿಗಳೂ ಗಾಳಿ ತುಂಬಿದ ಡಬ್ಬಿಯಂತೆ ಇರಬೇಕು. ದೋಣಿ ಮಗುಚಿದರೂ ತೇಲಿಸುವುದು ಇವೇ. ಹಳೆಯದು ಕೊಳ್ಳುವುದಾದರೆ ಕೂರುವ ಗುಂಡಿಗೆ ನಾಲ್ಕಾರು ಕೊಡ ನೀರು ಸುರಿಯಿರಿ. ಅರ್ಧ ಗಂಟೆ ಬಿಟ್ಟು ಹಿಂದಿನ, ಮುಂದಿನ ಮುಚ್ಚಳ ತೆಗೆದು ಕೈಯಾಡಿಸಿ. ಒಣಗಿರಬೇಕು. ನಾವು ಮೊದಲು ನೋಡಿದ ದೋಣಿಯಲ್ಲಿ ಕೈ ಒದ್ದೆಯಾಯಿತು. ಮಾರುವವರು, "ಎರಡು ಲೋಟ ನೀರು ಅಷ್ಟೇ ಅಮ್ಮಾ" ಅಂದರು. "ಅಂಗಳದಲ್ಲೇ ಎರಡು ಲೋಟ ಆದ್ರೆ ಕಡಲಲ್ಲಿ ಎಷ್ಟು ಕೊಡ ಆಗುತ್ತೆ?" ಎಂದು ಕೇಳಿ ಎದ್ದು ಬಂದೆವು. ಮಗಳಿಗೆ ಬಣ್ಣ ತುಂಬ ಹಿಡಿಸಿತ್ತು, ಮುಖ ಸಣ್ಣ ಮಾಡಿಕೊಂಡಳು. ಆದರೂ ಬಂದಳು.

ಮೂರನೆಯದು, ಕೂತು ನೋಡುವುದು. ನೋಡಿ ಕೊಳ್ಳುವ ವಸ್ತುವಲ್ಲ ಇದು. ಪಾದ ಮೆಟ್ಟಿಗೆಗೆ ತಾಗಬೇಕು, ಮಂಡಿ ಮೇಲಿನ ಅಂಚಿಗೆ ಆನಬೇಕು, ಸೊಂಟದ ಎರಡೂ ಕಡೆ ಒಂದೆರಡು ಬೆರಳಿನ ಜಾಗ ಇರಬೇಕು. ಸಡಿಲವಾದರೆ ದೋಣಿ ನಿಮ್ಮ ಮಾತು ಕೇಳುವುದಿಲ್ಲ, ಬಿಗಿಯಾದರೆ ಮಗುಚಿದಾಗ ಹೊರಬರುವುದು ಕಷ್ಟ. ಅರ್ಧ ಗಂಟೆ ಕೂತೇ ಇರಿ. ಕಾಲು ಜೋಮು ಹಿಡಿದರೆ ಆ ದೋಣಿ ನಿಮಗಲ್ಲ. ಗಂಡಸರ ಮೈಕಟ್ಟಿಗೆಂದು ಮಾಡಿದ ದೊಡ್ಡ ದೋಣಿ ಸಣ್ಣ ಮೈಯ ಹೆಂಗಸಿಗೆ ಗಾಳಿಯಲ್ಲಿ ಹಿಡಿತಕ್ಕೇ ಸಿಗುವುದಿಲ್ಲ.

ನಾಲ್ಕನೆಯದು, ಮೈ ಯಾವುದರದ್ದು? ಪ್ಲಾಸ್ಟಿಕ್ಕಿನದು 25ರಿಂದ 30 ಕಿಲೋ ತೂಗುತ್ತದೆ, ಆದರೆ ಕಲ್ಲಿಗೆ, ಚಿಪ್ಪಿಗೆ ಉಜ್ಜಿದರೂ ತಡೆಯುತ್ತದೆ. ಫೈಬರ್ ಗ್ಲಾಸಿನದು ಹಗುರ, ಚುರುಕು, ಆದರೆ ಬೆಲೆ ಹೆಚ್ಚು, ಕಲ್ಲಿಗೆ ಬಡಿದರೆ ಸೀಳುತ್ತದೆ. ನಮ್ಮ ಹೊಳೆಯ ಚಿಪ್ಪುಗಲ್ಲು ನೋಡಿ ನಾವು ಪ್ಲಾಸ್ಟಿಕ್ಕನ್ನೇ ಆರಿಸಿದೆವು. ಬಣ್ಣ ಹಳದಿ. ಹಳದಿ, ಕಿತ್ತಳೆ, ಕೆಂಪು ದೂರಕ್ಕೆ ಕಾಣುತ್ತವೆ. ನೀಲಿ, ಹಸಿರು ಎಷ್ಟೇ ಚೆಂದವಿದ್ದರೂ ನೀರಿನಲ್ಲಿ ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ.

ಜೊತೆಗಿರಲೇಬೇಕಾದ ಸಾಮಾನು

ಜೀವರಕ್ಷಕ ಜಾಕೆಟ್: ದೋಣಿಗಿಂತ ಮೊದಲು ಕೊಳ್ಳಿ. ತೊಟ್ಟು, ಪಟ್ಟಿ ಬಿಗಿದು, ಯಾರಾದರೂ ಹೆಗಲ ಬಳಿ ಹಿಡಿದು ಮೇಲೆತ್ತಲಿ. ಕಿವಿಯವರೆಗೆ ಏರಿದರೆ ದೊಡ್ಡದಾಯಿತೆಂದು ಅರ್ಥ. ನೀರಿನಲ್ಲಿರುವಷ್ಟು ಹೊತ್ತೂ ಅದು ಮೈಮೇಲೆಯೇ ಇರಬೇಕು. ಒಂದು ಸೀಟಿಯನ್ನು ದಾರದಿಂದ ಅದಕ್ಕೇ ಕಟ್ಟಿ.

ಹುಟ್ಟು: ಹೆಚ್ಚಿನವರಿಗೆ 210ರಿಂದ 230 ಸೆಂಟಿಮೀಟರ್. ಹಗುರವಾಗಿದ್ದಷ್ಟೂ ಮೇಲು, ಗಂಟೆಗೆ ಸಾವಿರಾರು ಸಲ ಎತ್ತಬೇಕು ತಾನೇ? ಎರಡು ತುಂಡಾಗುವ ಇನ್ನೊಂದು ಹುಟ್ಟು ಹಿಂಬದಿಯಲ್ಲಿ ಕಟ್ಟಿರಲಿ.

ಅಂಚಿನ ಹಗ್ಗ: ದೋಣಿಯ ಸುತ್ತ ಬಿಗಿಯಾದ ಹಗ್ಗ, ಎರಡೂ ತುದಿಗೆ ಹಿಡಿ. ನೀರಿಗೆ ಬಿದ್ದವರಿಗೆ ಹಿಡಿಯಲು ಸಿಗುವುದು ಇದೇ. ಎಳೆದರೆ ಹಿಗ್ಗುವ ರಬ್ಬರು ಹಗ್ಗ ಇದಕ್ಕೆ ಆಗದು.

ಸೊಂಟದ ಮುಚ್ಚು: ಕೂರುವ ಗುಂಡಿಗೆ ತೆರೆ ನುಗ್ಗದಂತೆ ಲಂಗದ ಹಾಗೆ ತೊಡುವುದು. ಮುಂದೆ ಎಳೆಯುವ ಕುಣಿಕೆ ಯಾವಾಗಲೂ ಹೊರಗೇ ಇರಬೇಕು. ಒಳಗೆ ಸಿಕ್ಕಿಕೊಂಡರೆ ಬಿಚ್ಚುವುದು ಹೇಗೆ?

ಉಳಿದದ್ದು: ನೀರು ಹೊರಹಾಕುವ ಕೈಪಂಪು, ಸ್ಪಂಜು, ಮತ್ತೆ ಹತ್ತುವಾಗ ಹುಟ್ಟಿನ ತುದಿಗೆ ಸಿಕ್ಕಿಸುವ ಗಾಳಿಚೀಲ, ನೀರು ಹೋಗದ ಚೀಲದಲ್ಲಿ ಫೋನು. ಕಡಲಲ್ಲಿ ಅಪಾಯವಾದರೆ ಕರಾವಳಿ ಕಾವಲುಪಡೆಯ ಸಂಖ್ಯೆ 1554, ಸಾಮಾನ್ಯ ತುರ್ತಿಗೆ 112. ಇವನ್ನು ಮನೆಯ ಕ್ಯಾಲೆಂಡರಿನ ಮೇಲೂ ಬರೆದಿಡಿ. ಅರ್ಧ ದಿನಕ್ಕೆ ತಲೆಗೆ 3 ಲೀಟರ್ ನೀರು. ನಾನು ಉಪ್ಪು, ಬೆಲ್ಲ ಹಾಕಿದ ಮುರುಗಲು ಪಾನಕ, ಒಗ್ಗರಣೆ ಅವಲಕ್ಕಿ ಕಟ್ಟಿಕೊಡುತ್ತೇನೆ. ಭಾರದ ಸಾಮಾನು ನಡುವೆ, ತಳದಲ್ಲಿ, ಹಗುರದ್ದು ತುದಿಗಳಲ್ಲಿ. ಉಡುಪಿಗೆ ಬೇಗ ಒಣಗುವ ಬಟ್ಟೆ. ದುಪ್ಪಟ್ಟ ಬೇಡವೇ ಬೇಡ.

ಇಷ್ಟೆಲ್ಲ ಕೊಂಡರೂ ಮಗುಚಿದ ದೋಣಿಯಿಂದ ಹೊರಬರುವುದನ್ನು, ಮತ್ತೆ ಹತ್ತುವುದನ್ನು ಬಲ್ಲವರ ಹತ್ತಿರ ಎದೆಮಟ್ಟ ನೀರಿನಲ್ಲಿ ಕಲಿಯದೆ ಕಡಲಿಗೆ ಹೋಗಬಾರದು. ಮಳೆಗಾಲದ ನಾಲ್ಕು ತಿಂಗಳು ದೋಣಿ ಕೊಟ್ಟಿಗೆಯಲ್ಲಿಯೇ ಇರಲಿ. ಉಳಿದ ದಿನಗಳಲ್ಲೂ ಬೆಳಿಗ್ಗೆ ಬೇಗ ಹೊರಟು, ಗಾಳಿ ಏಳುವ ಮೊದಲು ಮರಳಬೇಕು. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು ಎಂದು ಚೀಟಿ ಬರೆದಿಟ್ಟೇ ಹೋಗಬೇಕು. ನಮ್ಮನೆಯಲ್ಲಿ ಅದು ಫ್ರಿಜ್ಜಿನ ಬಾಗಿಲ ಮೇಲೆ ಅಂಟಿರುತ್ತದೆ. ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಮುಚ್ಚಳ ತೆಗೆದು, ನೆರಳಿನಲ್ಲಿ ಒರಗಿಸಿಡಿ. ಬಿಸಿಲು ಪ್ಲಾಸ್ಟಿಕ್ಕಿನ ಶತ್ರು.

ನಾನೂ ಕೂತೆ

ಮರುವರ್ಷ ದೀಪಾವಳಿಗೆ ಹಳದಿ ದೋಣಿ ಬಂತು. ಉಬ್ಬರ ತುಂಬಿ ನೀರು ನಿಂತ ಬೆಳಗಿನ ಹೊತ್ತು. ಮಗಳು ಯಾರಿಂದಲೋ ಮೇಲೆ ಕೂರುವ ಜೋಡಿ ದೋಣಿಯೊಂದನ್ನೂ ತರಿಸಿದ್ದಳು. "ಬಾ ಅಮ್ಮಾ" ಅಂದಳು. ಐವತ್ತೆಂಟು ವರ್ಷ ಈ ಹೊಳೆಯನ್ನು ದಡದಿಂದಲೇ ನೋಡಿದವಳು ನಾನು. ಜಾಕೆಟ್ ತೊಟ್ಟು, ಅವಳ ಮುಂದೆ ಕೂತೆ. ಕಾಂಡ್ಲಾ ಗಿಡಗಳ ಬೇರುಗಳು ಕಣ್ಣಿನ ಮಟ್ಟಕ್ಕೇ ಬಂದವು. ಒಂದು ಮಿಂಚುಳ್ಳಿ ಹತ್ತು ಮಾರು ದೂರದಲ್ಲಿ ಕೂತು ನಮ್ಮನ್ನೇ ನೋಡುತ್ತಿತ್ತು. ಭಯ ಹೋಗಲಿಲ್ಲ, ನಿಜ ಹೇಳುತ್ತೇನೆ. ಆದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದು ಗೊತ್ತಾಗಿತ್ತು.

ಮರಳಿ ದಡಕ್ಕೆ ಬಂದಾಗ ನೀರು ಇಳಿಯತೊಡಗಿತ್ತು. ಬಳಚಿನ ಹೆಂಗಸರು ಒಬ್ಬೊಬ್ಬರೇ ಬುಟ್ಟಿ ಹಿಡಿದು ಬರುತ್ತಿದ್ದರು. ಅವತ್ತು ಕೂಗಿದಾಕೆಯನ್ನು ಮಗಳು ಗುರುತಿಸಿ ತೋರಿಸಿದಳು. ಬಾಳೆಎಲೆಯಲ್ಲಿ ಕಟ್ಟಿಕೊಂಡು ಹೋಗಿದ್ದ ಕಾಯಿಕಡುಬನ್ನು ಅವಳ ಕೈಗೆ ಕೊಟ್ಟೆ. ಏನು ಹೇಳಬೇಕೋ ತಿಳಿಯಲಿಲ್ಲ. ಅವಳೇ ಮಗಳ ಜಾಕೆಟ್ಟಿನ ಪಟ್ಟಿ ಹಿಡಿದು ಒಮ್ಮೆ ಮೇಲಕ್ಕೆಳೆದು ನೋಡಿ, "ಹಾಂ, ಈಗ ಸರಿ" ಎಂದು ನಕ್ಕು ನೀರಿಗಿಳಿದಳು.