ದೈವವೂ ಪುರುಷಪ್ರಯತ್ನವೂ

ಕೊಚ್ಚಿಯ ಸಮೀಪದ ಅಂಬಲಮುಗಳಿಗೆ ನಾನು ಬಂದು ಹದಿನಾಲ್ಕು ವರ್ಷಗಳಾದುವು. ೧೯೬೬ರಲ್ಲಿ ಇಲ್ಲಿ ಎಣ್ಣೆ ಶುದ್ಧೀಕರಣದ ಕಾರ್ಖಾನೆ ಆರಂಭವಾದಂದಿನಿಂದ ನಾನಾ ಕಡೆಯ ಜನರು ಅನ್ನವನ್ನರಸಿ ಈ ಊರಿಗೆ ಬರುತ್ತಿದ್ದಾರೆ. ಹಗಲು ಗುತ್ತಿಗೆದಾರರೊಬ್ಬರಲ್ಲಿ ಹಾಜರಿ ಪುಸ್ತಕ ಬರೆಯುವುದು, ಸಂಜೆ ಕನ್ನಡಿಗರ ಮಕ್ಕಳಿಗೆ ನಮ್ಮ ನುಡಿಯನ್ನು ಕಲಿಸುವುದು, ಇದು ನನ್ನ ಜೀವನ.

ಇಲ್ಲಿ ನನಗೆ ಮೊದಲು ಅರ್ಥವಾದ ಮಲಯಾಳದ ಮಾತು ಲಾಟರಿ ಮಾರುವವರ ಕೂಗು: "ನಾಳೆಯಾಣ್, ನಾಳೆಯಾಣ್!" 'ನಾಳೆ' ಎಂಬುದು ಎರಡು ನುಡಿಗಳಿಗೂ ಒಂದೇ ಅಲ್ಲವೆ? ಕೇರಳ ಸರ್ಕಾರವು ೧೯೬೭ರಲ್ಲಿ ಈ ಲಾಟರಿಯನ್ನು ಆರಂಭಿಸಿದಾಗ ಚೀಟಿಗೆ ಒಂದು ರೂಪಾಯಿ, ಮೊದಲ ಬಹುಮಾನ ಐವತ್ತು ಸಾವಿರ. ಕರ್ನಾಟಕದಲ್ಲಿ ೨೦೦೭ರಲ್ಲಿ ಲಾಟರಿ ನಿಂತಿತು, ಇಲ್ಲಿ ನಿಲ್ಲಲಿಲ್ಲ.

೨೦೨೪ರ ಅಕ್ಟೋಬರಿನಲ್ಲಿ ಓಣಂ ಬಂಪರಿನ ೨೫ ಕೋಟಿ ರೂಪಾಯಿ ನಮ್ಮ ಪಾಂಡವಪುರದ ಮೆಕ್ಯಾನಿಕರೊಬ್ಬರಿಗೆ ಒಲಿಯಿತು. ಮಾರಾಟವಾಗಿದ್ದುದು ೭೧ ಲಕ್ಷಕ್ಕೂ ಹೆಚ್ಚು ಚೀಟಿ. ಒಂದರ ಬೆಲೆ ೫೦೦ ರೂಪಾಯಿ. ಅಂದು ಸಂಜೆ ಮಕ್ಕಳಿಗೆ ಪಾಠದ ಕಡೆ ಲಕ್ಷ್ಯವಿಲ್ಲ. "ಮೇಷ್ಟ್ರೇ, ನೀವೇಕೆ ಚೀಟಿ ಕೊಳ್ಳುವುದಿಲ್ಲ?" ಎಂದು ಕೇಳಿದರು.

"ನಾನು ದೈವವನ್ನು ನಂಬಿ ಕುಳಿತವನಲ್ಲ. ತಂದೆ ಮಾಡಿಟ್ಟುಹೋದ ಸಾಲವನ್ನು ಒಂಬತ್ತು ವರ್ಷ ದುಡಿದು ತೀರಿಸಿದೆ. ಇಂದು ನನಗೆ ಯಾರ ಹಂಗೂ ಇಲ್ಲ" ಎಂದು ಗರ್ವದಿಂದಲೇ ಹೇಳಿದೆ.

"ಆ ಕೆಲಸ ನಿಮಗೆ ಹೇಗೆ ಸಿಕ್ಕಿತು?" ಎಂದಳು ಒಬ್ಬ ಹುಡುಗಿ.

"ಎಸ್.ಎಸ್.ಎಲ್.ಸಿ. ಪಾಸಾಗಿದ್ದೆ, ಅದಕ್ಕೆ" ಎಂದವನು ಅಲ್ಲಿಗೇ ತಡೆದೆ.

ಪರೀಕ್ಷೆಯ ವರ್ಷವೇ ತಂದೆ ತೀರಿಕೊಂಡಿದ್ದರು. ಪರೀಕ್ಷೆಯ ಶುಲ್ಕಕ್ಕೆ ಹಣವಿಲ್ಲದೆ ನಾನು ಹೋಟೆಲಿನ ಕೆಲಸಕ್ಕೆ ಸೇರಲು ಹೊರಟಿದ್ದೆ. ನಮ್ಮ ಇದೇ ಶಾಲೆಯ ಗಣಿತದ ಉಪಾಧ್ಯಾಯರು ದಾರಿಯಲ್ಲಿ ಕಂಡು, ಕಾರಣ ಕೇಳಿ, ತಾವೇ ಹಣ ಕಟ್ಟಿದರು. ನನ್ನ ಬೆಂಚಿನಲ್ಲೇ ಕುಳಿತಿದ್ದ ಗೆಳೆಯನೂ ಅದೇ ತಿಂಗಳು ಶಾಲೆ ಬಿಟ್ಟ. ಗಣಿತದಲ್ಲಿ ಅವನು ನನಗಿಂತ ಮುಂದು. ಆದರೆ ಅವನು ಯಾರ ಕಣ್ಣಿಗೂ ಬೀಳಲಿಲ್ಲ. ಅವನೇಕೆ ಬರಲಿಲ್ಲವೆಂದು ನಾನೂ ವಿಚಾರಿಸಲಿಲ್ಲ.

ನಾನು ದುಡಿದುದು ಸುಳ್ಳಲ್ಲ. ಆದರೆ ದುಡಿಯುವ ದಾರಿ ತೆರೆದುದು ನನ್ನಿಂದಲ್ಲ. ನನಗೆ ಅದು ದೈವ. ಅಲ್ಪ ಸಂಬಳದಲ್ಲಿ ಹಣ ತೆಗೆದುಕೊಟ್ಟ ಗುರುಗಳಿಗೆ ಅದು ಪುರುಷಪ್ರಯತ್ನ. ಒಬ್ಬನ ಪಾಲಿನ ದೈವವು ಎಷ್ಟೋ ವೇಳೆ ಇನ್ನೊಬ್ಬನು ಮನಸ್ಸು ಮಾಡಿದುದರ ಫಲವೇ ಆಗಿರುತ್ತದೆ.

ಮರುದಿನ ಮಕ್ಕಳ ಮುಂದೆ ನನ್ನ ಉತ್ತರವನ್ನು ತಿದ್ದಿಕೊಂಡೆ. ಚೀಟಿಯನ್ನು ಇಂದಿಗೂ ಕೊಳ್ಳುವುದಿಲ್ಲ. ಆದರೆ ಓಣಂ ಬಂದಾಗ ೫೦೦ ರೂಪಾಯಿಯನ್ನು ಒಬ್ಬ ವಿದ್ಯಾರ್ಥಿಯ ಪರೀಕ್ಷಾ ಶುಲ್ಕಕ್ಕೆಂದು ತೆಗೆದಿಡುತ್ತೇನೆ.

ಈ ಸಂಚಿಕೆಯನ್ನು ಓದುವ ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಪಕ್ಕದ ಸ್ಥಳವು ನಾಲ್ಕು ದಿನ ಬರಿದಾಗಿದ್ದರೆ, ಏಕೆಂದು ಹೋಗಿ ವಿಚಾರಿಸಿರಿ. ನಾಳೆಯಲ್ಲ, ಇಂದೇ.